ಶೀಲದ ದಿನದ ತಟ್ಟೆಗಳು

ಸೆಂಗ್‌ಲಾ ಅಕ್ಕನ ಮಾತು ಬಂದರೆ ಸಾಕು, ಲಂಪಾಂಗಿನ ನಮ್ಮ ಓಣಿಯ ಹೆಂಗಸರೆಲ್ಲ ಕೈ ಮುಗಿಯುತ್ತಾರೆ. ಇರುವೆಯನ್ನೂ ತುಳಿಯದ ಪುಣ್ಯಾತ್ಗಿತ್ತಿಯಂತೆ. ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಹನ್ನೊಂದು ವರ್ಷ ಅವಳ ಪಕ್ಕದ ಸ್ಟೂಲಿನಲ್ಲಿ ಕೂತವಳು ನಾನು. ಆ ಪುಣ್ಯದಲ್ಲಿ ಏನೇನು ಕಲಬೆರಕೆಯಾಗಿತ್ತು ಎಂದು ನನ್ನಷ್ಟು ಬಲ್ಲವರು ಯಾರೂ ಇಲ್ಲ. ಅದರಲ್ಲಿ ನನ್ನ ಪಾಲೂ ಇದೆ, ಅದಕ್ಕೇ ಉರಿ ಜಾಸ್ತಿ. ಈಗ ಅವಳು ವಾಂಗ್ ನದಿಯ ದಂಡೆಯಲ್ಲಿ ಕಲ್ಲಂಗಡಿ ರಸ ಬೆರೆಸಿದ ಅಂಟಕ್ಕಿ ಬಿಲ್ಲೆಗಳನ್ನು ಒಣಗಿಸಿ, ಕರಿದು ಮಾರುತ್ತಾಳೆ. ವಾರಕ್ಕೊಮ್ಮೆ ಹೋಗಿ ಎರಡು ಪೊಟ್ಟಣ ತರುತ್ತೇನೆ. ಹಳೆಯ ಮಾತನ್ನು ಇಬ್ಬರೂ ಎತ್ತುವುದಿಲ್ಲ.

ಆಗ ನಾವಿಬ್ಬರೂ ಊರಾಚೆಯ ಒಂದು ಫೀಡ್ ಕಾರ್ಖಾನೆಯ ಲ್ಯಾಬಿನಲ್ಲಿದ್ದೆವು. ಕಾರ್ಖಾನೆಯ ಮುಖ್ಯ ಮಾಲು ಕೋಳಿ ಫೀಡು. ಮರಿಗಳಿಗೆ ರಕ್ತಭೇದಿ ಬಾರದಿರಲೆಂದು ಅದಕ್ಕೆ ಮೊನೆನ್ಸಿನ್ ಎಂಬ ಔಷಧಿ ಬೆರೆಸುತ್ತಿದ್ದರು. ಕೋಳಿಗೆ ಅದು ಅಮೃತ, ಕುದುರೆಗೆ ವಿಷ. ಕೋಳಿಗೆ ಹಾಕುವಷ್ಟೇ ಔಷಧಿ ಕುದುರೆಯ ಹೊಟ್ಟೆಗೆ ಹೋದರೂ ಅದರ ಹೃದಯದ ಮಾಂಸ ಸತ್ತುಹೋಗುತ್ತದೆ. ನಮ್ಮದೋ ಕುದುರೆಗಾಡಿಯ ಊರು. ಗಾಡಿಯವರ ಸಂಘಕ್ಕಾಗಿ ಪ್ರತಿ ಮಂಗಳವಾರ ಅದೇ ಯಂತ್ರದಲ್ಲಿ ನಲವತ್ತು ಮೂಟೆ ಕುದುರೆ ಫೀಡು ತಯಾರಾಗುತ್ತಿತ್ತು. ಅದಕ್ಕೆ ಮುಂಚೆ ಬರೀ ಮುಸುಕಿನ ಜೋಳದ ನುಚ್ಚು ಹಾಯಿಸಿ ಯಂತ್ರದ ಹೊಟ್ಟೆ ತೊಳೆಯಬೇಕು. ಸರಿಯಾಗಿ ತೊಳೆದರೋ ಇಲ್ಲವೋ ಎಂದು ಪರೀಕ್ಷೆ ಮಾಡುವುದು ಸೆಂಗ್‌ಲಾ ಅಕ್ಕನ ಕೆಲಸ. ಗಾಜು ತೊಳೆಯುವುದು, ಅಗರ್ ಎಂಬ ಲೋಳೆ ಕಾಯಿಸುವುದು, ಅವಳು ಓದಿದ ಅಳತೆಯನ್ನು ಮತ್ತೊಮ್ಮೆ ನೋಡಿ ರಿಜಿಸ್ಟರಿನಲ್ಲಿ ಎರಡನೇ ಸಹಿ ಹಾಕುವುದು ನನ್ನ ಕೆಲಸ.

ಪರೀಕ್ಷೆ ಅಂದರೆ ಇಷ್ಟೇ. ಫೀಡನ್ನು ನುಣ್ಣಗೆ ಬೀಸಿ, ಮೆಥನಾಲಿನಲ್ಲಿ ಕುಲುಕಿ, ಸೋಸಿ ರಸ ತೆಗೆಯುವುದು. ಕಾಯಿಸಿದ ಅಗರಿಗೆ ಒಂದು ಜಾತಿಯ ಬ್ಯಾಕ್ಟೀರಿಯಾ ಬೆರೆಸಿ ಗಾಜಿನ ತಟ್ಟೆಗಳಿಗೆ ಸುರಿಯುವುದು. ಅದು ಹೆಪ್ಪುಗಟ್ಟಿದ ಮೇಲೆ ಉಕ್ಕಿನ ಪುಟ್ಟ ಕೊಳವೆಗಳನ್ನು ಮೇಲೆ ನಿಲ್ಲಿಸಿ ರಸ ತುಂಬುವುದು. ರಾತ್ರಿಯೆಲ್ಲ ಬೆಚ್ಚನೆಯ ಪೆಟ್ಟಿಗೆಯಲ್ಲಿಟ್ಟರೆ ಬೆಳಗಿನ ಹೊತ್ತಿಗೆ ಬ್ಯಾಕ್ಟೀರಿಯಾ ಬೆಳೆದು ತಟ್ಟೆಯೆಲ್ಲ ಮಬ್ಬಾಗಿರುತ್ತದೆ. ರಸದಲ್ಲಿ ಔಷಧಿ ಇದ್ದರೆ ಕೊಳವೆಯ ಸುತ್ತ ಅವು ಸತ್ತು ತಿಳಿಯಾದ ಬಳೆಯೊಂದು ಮೂಡುತ್ತದೆ. ಔಷಧಿ ಹೆಚ್ಚಿದ್ದಷ್ಟೂ ಬಳೆ ದೊಡ್ಡದು. ಕುದುರೆ ಫೀಡಿನ ಸುತ್ತ ಬಳೆ ಬರಲೇಬಾರದು.

ಆದರೆ ಬಳೆ ಬರದಿರುವುದಕ್ಕೆ ನೂರೆಂಟು ಕಾರಣ. ಅಗರ್ ಕೆಟ್ಟಿರಬಹುದು, ಬ್ಯಾಕ್ಟೀರಿಯಾ ಬೇರೆಯದಿರಬಹುದು. ಅದಕ್ಕೇ ಪಕ್ಕದ ಕೊಳವೆಗೆ ತೂಗಿ ಅಳೆದ ಅಸಲಿ ಔಷಧಿಯನ್ನೇ ಹಾಕಬೇಕು. ಅದಕ್ಕೆ ನಾವು ಸಾಕ್ಷಿ ಎನ್ನುತ್ತಿದ್ದೆವು. ಸಾಕ್ಷಿಯ ಸುತ್ತ ಬಳೆ ಬಂದು, ಫೀಡಿನ ಸುತ್ತ ಬರದಿದ್ದರೆ ಆಗ ಮಾತ್ರ ಆ ತಟ್ಟೆಯನ್ನು ನಂಬಬಹುದು. ಅಗರೂ ದಿನಾ ಹೊಸದು, ಬ್ಯಾಕ್ಟೀರಿಯಾ ನೀರೂ ದಿನಾ ಹೊಸದು, ಹಾಗಾಗಿ ಸಾಕ್ಷಿಯೂ ದಿನಾ ಬೇಕು. ಇದನ್ನು ನನಗೆ ಕಲಿಸಿದವಳೇ ಅಕ್ಕ. ಮೊದಲ ವಾರ ಒಮ್ಮೆ ಮರೆತಾಗ ಬೆರಳ ಗೆಣ್ಣಿಗೆ ಪೆನ್ಸಿಲ್ಲಿನಲ್ಲಿ ಹೊಡೆದಿದ್ದಳು.

ಗಂಡ ತೀರಿಕೊಂಡ ವರ್ಷ ಅವಳು ಶೀಲದ ದಿನ ಹಿಡಿದಳು. ಎರಡು ಅಷ್ಟಮಿ, ಹುಣ್ಣಿಮೆ, ಅಮಾವಾಸ್ಯೆ, ತಿಂಗಳಿಗೆ ನಾಲ್ಕು ಸಲ. ಬೆಳಗ್ಗೆ ಬುದ್ಧ ವಿಹಾರಕ್ಕೆ ಹೋಗಿ, ಕೊಲ್ಲೆನು, ಸುಳ್ಳಾಡೆನು ಎಂಬಂಥ ಎಂಟು ಶೀಲ ತೆಗೆದುಕೊಂಡು, ಬಿಳಿ ರವಿಕೆಯ ಮೇಲೆ ಲ್ಯಾಬಿನ ಕೋಟು ತೊಟ್ಟು ಬರುತ್ತಿದ್ದಳು. ಮಧ್ಯಾಹ್ನದ ನಂತರ ಒಂದು ಅಗುಳು ಮುಟ್ಟುತ್ತಿರಲಿಲ್ಲ. ನಾನು ಅವಳ ಮುಂದೆಯೇ ಅಂಟನ್ನ ಉಂಡೆ ಕಟ್ಟಿ ಸುಟ್ಟ ಮೆಣಸಿನಕಾಯಿ ಚಟ್ನಿಗೆ ಅದ್ದಿ ಚಪ್ಪರಿಸುತ್ತಿದ್ದೆ. ಅಂಥವಳು ನಾನು. ಒಂದು ದಿನ ಬಾಯಿ ಸುಮ್ಮನಿರದೆ ರೇಗಿಸಿದೆ.

“ಅಲ್ಲಕ್ಕ, ಶೀಲದ ದಿನ ಸೊಳ್ಳೆ ಕೂಡ ಹೊಡೆಯಲ್ಲ ಅಂತೀಯ. ಈ ತಟ್ಟೇಲಿ ಕೋಟಿಗಟ್ಟಲೆ ಜೀವ ತೆಗೀತೀಯಲ್ಲ, ಅದು ಯಾವ ಲೆಕ್ಕಕ್ಕೆ?”

ಅವಳು ನಗಲಿಲ್ಲ. ಕೈಯಲ್ಲಿದ್ದ ಪಿಪೆಟ್ಟನ್ನು ಕೆಳಗಿಟ್ಟಳು. ಆ ಕ್ಷಣಕ್ಕೆ ನನ್ನ ನಾಲಿಗೆ ಬಿದ್ದುಹೋಗಿದ್ದರೆ ಚೆನ್ನಾಗಿತ್ತು.

ಮುಂದಿನ ಶೀಲದ ದಿನ ನೋಡುತ್ತೇನೆ, ತಟ್ಟೆಯಲ್ಲಿ ಸಾಕ್ಷಿ ಕೊಳವೆಯೇ ಇಲ್ಲ.

“ಸಾಕ್ಷಿ ಎಲ್ಲಕ್ಕ?”

“ಇವತ್ತು ಬೇಡ ಕಣೆ ಮಾಲೈ. ಅದನ್ನ ಹಾಕಿದ್ರೆ ಸಾಯ್ತವೆ ಅಂತ ಗೊತ್ತಿದ್ದೂ ಹಾಕ್ದಂಗಾಗುತ್ತೆ. ಗೊತ್ತಿದ್ದು ಮಾಡೋದೇ ಪಾಪ.”

“ಮತ್ತೆ ಫೀಡಿನ ರಸ ಹಾಕಿದೀಯಲ್ಲ?”

“ಅದರಲ್ಲಿ ಔಷಧಿ ಇರಲ್ಲ ಅಂತ ತಾನೇ ಹಾಕೋದು? ಕೊಲ್ಲೋ ಮನಸ್ಸಿಲ್ವಲ್ಲ.”

“ಕೊಡಿಲ್ಲಿ, ನಾನು ಹಾಕ್ತೀನಿ. ನಾನೇನು ನರಕಕ್ಕೆ ಮೊದಲೇ ಟಿಕೆಟ್ ತಗೊಂಡಿರೋಳು.”

“ಬೇರೆಯವರ ಕೈಲಿ ಮಾಡ್ಸಿದ್ರೂ ಅಷ್ಟೇ ಪಾಪ. ಸುಮ್ನಿರು ನೀನು.”

ಸುಮ್ಮನಾದೆ. ಕದ್ದಾದರೂ ಹಾಕಬಹುದಿತ್ತು, ಹಾಕಲಿಲ್ಲ. ಒಂದು ಕೊಳವೆ ತೊಳೆಯುವ ಕೆಲಸ ಉಳಿಯಿತಲ್ಲ ಎಂದುಕೊಂಡೆ, ಸತ್ಯ ಹೇಳಬೇಕೆಂದರೆ. ಔಷಧಿ ಇರಲೇಬೇಕಾದ ಕೋಳಿ ಫೀಡಿನ ಪರೀಕ್ಷೆಗಳನ್ನು ಅಕ್ಕ ಮರುದಿನಕ್ಕೆ ತಳ್ಳುತ್ತಿದ್ದಳು. ಕುದುರೆ ಫೀಡನ್ನು ತಳ್ಳುವಂತಿರಲಿಲ್ಲ, ಬುಧವಾರ ಬೆಳಗ್ಗೆ ಗಾಡಿಯವರು ಮೂಟೆಗೆ ಬಂದು ನಿಲ್ಲುತ್ತಿದ್ದರು. ಸಾಕ್ಷಿಯ ಬಳೆಯ ಜಾಗದಲ್ಲಿ ಹಿಂದಿನ ದಿನದ ಅಳತೆಯನ್ನೇ ಬರೆಯುತ್ತಿದ್ದಳು, ಇಪ್ಪತ್ತೆರಡು ಮಿಲಿಮೀಟರ್ ಅಂತ. ಬರೆಯುತ್ತಿದ್ದುದು ಮರುದಿನ ಬೆಳಗ್ಗೆ, ಶೀಲದ ದಿನ ಮುಗಿದ ಮೇಲೆ. ಸುಳ್ಳಿನ ಶೀಲಕ್ಕೂ ಭಂಗವಿಲ್ಲ, ನೋಡಿ! ಕೆಳಗೆ ನಾನು ಸಹಿ ಹಾಕುತ್ತಿದ್ದೆ.

ಹೀಗೆ ಎರಡು ವರ್ಷ ನಡೆಯಿತು.

ಆ ಮಂಗಳವಾರ ಅಷ್ಟಮಿ ಬಂತು. ಬ್ಯಾಕ್ಟೀರಿಯಾದ ಮೂಲ ಬಿತ್ತನೆ ಇರುವ ಹೊಸ ಟ್ಯೂಬನ್ನು ಅಕ್ಕ ಅವತ್ತೇ ಒಡೆದಿದ್ದಳು. ಬುಧವಾರ ಬೆಳಗ್ಗೆ ಕುದುರೆ ಫೀಡಿನ ತಟ್ಟೆ ಪೂರ್ತಿ ಮಬ್ಬು, ಎಲ್ಲೂ ಬಳೆಯಿಲ್ಲ. ಸಹಿಯಾಯಿತು. ಹತ್ತು ಗಂಟೆಗೆ ನಲವತ್ತು ಮೂಟೆಯೂ ಹೊರಟುಹೋದವು.

ಗುರುವಾರ ನಾನು ಬರುವ ಹೊತ್ತಿಗೆ ಅಕ್ಕ ಕಿಟಕಿಯ ಹತ್ತಿರ ನಿಂತು ಹಿಂದಿನ ದಿನ ಇಟ್ಟ ತಟ್ಟೆಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿಯುತ್ತಿದ್ದಳು. ಅವು ಕೋಳಿ ಫೀಡಿನವು. ಆರು ತಟ್ಟೆ, ಆರರಲ್ಲೂ ಸಾಕ್ಷಿ ಇತ್ತು.

“ಮಾಲೈ, ಬಾರೆ ಇಲ್ಲಿ. ಬಳೆ ಕಾಣುತ್ತಾ ನೋಡು. ನನ್ನ ಕಣ್ಣೇ ಮಂಜಾಯ್ತೋ ಏನೋ.”

ನೋಡಿದೆ. ಕೋಳಿ ಫೀಡಿನ ಸುತ್ತ ಬಳೆಯಿಲ್ಲ. ಸಾಕ್ಷಿಯ ಸುತ್ತ ಕೂಡ ಇಲ್ಲ. ಅಸಲಿ ಔಷಧಿಯನ್ನು ಮೈಮೇಲೆ ಸುರಿದರೂ ಆ ಬ್ಯಾಕ್ಟೀರಿಯಾ ಒಂದೂ ಸತ್ತಿರಲಿಲ್ಲ.

“ಔಷಧಿ ಹಾಕೋಕೆ ಮರೆತ್ಯಾ?”

“ನಾನಾ?” ಎಂದಳು. ಅಷ್ಟೇ ಸಾಕಾಯಿತು. ಅವಳು ಮರೆಯುವವಳಲ್ಲ.

ತಟ್ಟೆಯಿಂದ ಒಂದಿಷ್ಟು ಕೆರೆದು ಗಾಜಿನ ಮೇಲೆ ಸವರಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದಳು. ನೇರಳೆ ಬಣ್ಣದ ಉದ್ದ ಕಡ್ಡಿಗಳು ಕಾಣಬೇಕಾದಲ್ಲಿ ಗುಲಾಬಿ ಬಣ್ಣದ ಮೋಟು ಕಡ್ಡಿಗಳು ತುಂಬಿಕೊಂಡಿದ್ದವು. ಹೊಸ ಟ್ಯೂಬಿನಲ್ಲಿ ಬೇರೆ ಯಾವುದೋ ಜಾತಿ ಸೇರಿಕೊಂಡು ನಮ್ಮದನ್ನು ಮೂಲೆಗುಂಪು ಮಾಡಿತ್ತು. ಈ ಜಾತಿಗೆ ಮೊನೆನ್ಸಿನ್ನೂ ಒಂದೇ, ನೀರೂ ಒಂದೇ. ಅಕ್ಕ ಕಣ್ಣು ತೆಗೆಯದೆ ಕೂತೇ ಇದ್ದಳು. 

“ಮಂಗಳವಾರದ್ದೂ ಇದೇ ಟ್ಯೂಬು,” ಎಂದಳು.

 ಮಂಗಳವಾರದ ತಟ್ಟೆಯಲ್ಲಿ ಬಳೆ ಬಾರದ್ದಕ್ಕೆ ಅರ್ಥವೇ ಇರಲಿಲ್ಲ. ಫೀಡಿನಲ್ಲಿ ವಿಷ ಇದ್ದಿದ್ದರೂ ಅದು ಹಾಗೇ ಕಾಣುತ್ತಿತ್ತು. ಒಂದು ಸಾಕ್ಷಿ ಕೊಳವೆ ಇಟ್ಟಿದ್ದರೆ ಬುಧವಾರವೇ ಗೊತ್ತಾಗಿ ಮೂಟೆಗಳು ಗೇಟು ದಾಟುತ್ತಿರಲಿಲ್ಲ.

“ಹೋಗೋಣ ನಡಿಯಕ್ಕ. ಗಾಡಿಯವರಿಗೆ ಹೇಳೋಣ, ಈಗಲೇ!”

“ಇರು. ಇದೆಯೋ ಇಲ್ವೋ ಗೊತ್ತಿಲ್ಲ. ಮೊದಲು ನೋಡ್ತೀನಿ.”

“ನೋಡೋಕೆ ಒಂದು ರಾತ್ರಿ ಬೇಕಲ್ಲೇ ಮಾರಾಯ್ತಿ!”

“ಬೇಡ. ವೆನಿಲಿನ್ ಇದೆ.”

ಅದು ಹಳೆಯ, ಒರಟು ವಿಧಾನ. ಪುಡಿ ಸವರಿದ ಗಾಜಿನ ಹಲಗೆಯ ಬುಡದಲ್ಲಿ ರಸದ ಒಂದು ಚುಕ್ಕೆ, ಪಕ್ಕದಲ್ಲಿ ಅಸಲಿ ಔಷಧಿಯ ಒಂದು ಚುಕ್ಕೆ ಇಟ್ಟು ದ್ರಾವಕದಲ್ಲಿ ನಿಲ್ಲಿಸಬೇಕು. ಚುಕ್ಕೆಗಳು ಮೇಲೇರಿದ ಮೇಲೆ ವೆನಿಲಿನ್ ಎಂಬ ವೆನಿಲಾ ಘಮದ ಪುಡಿಯನ್ನು ಆಸಿಡ್ಡಿನಲ್ಲಿ ಕರಗಿಸಿ ಸಿಂಪಡಿಸಿ ಕಾಯಿಸಬೇಕು. ಮೊನೆನ್ಸಿನ್ ಇದ್ದರೆ ಗುಲಾಬಿ ಬಣ್ಣ ಬರುತ್ತದೆ. ಚೂರುಪಾರು ಔಷಧಿಯನ್ನು ಅದು ಹಿಡಿಯುವುದಿಲ್ಲ, ತುಂಬಾ ಇದ್ದರೆ ಮಾತ್ರ ಹೇಳುತ್ತದೆ. ಕಪಾಟಿನಲ್ಲಿ ಎತ್ತಿಟ್ಟಿದ್ದ ಮಂಗಳವಾರದ ಮಾದರಿ ತೆಗೆದು ಅಕ್ಕ ಬೀಸಿದಳು. ಒಂದೂವರೆ ಗಂಟೆ ಹಿಡಿಯಿತು. ಆ ಒಂದೂವರೆ ಗಂಟೆಯನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಅವಳಿಗೆ ಬೇಕಿದ್ದುದು ಖಚಿತತೆಯಲ್ಲ, ಹೇಳದೇ ಉಳಿಯುವ ಒಂದು ದಾರಿ. ನನಗೂ ಅದೇ ಬೇಕಿತ್ತು, ಇಲ್ಲದಿದ್ದರೆ ಎದ್ದು ಓಡುತ್ತಿರಲಿಲ್ಲವೇ? ಎಲ್ಲ ದೇವರನ್ನೂ, ಬುದ್ಧನನ್ನೂ, ಸತ್ತ ಅಜ್ಜಿಯನ್ನೂ ಕರೆದೆ.

ಒಲೆಯ ಬಾಗಿಲು ತೆಗೆದಾಗ ಲ್ಯಾಬೆಲ್ಲ ಐಸ್‌ಕ್ರೀಮಿನಂತೆ ಘಮ್ಮೆಂದಿತು. ಹಲಗೆಯ ಮೇಲೆ ಅಸಲಿ ಔಷಧಿಯದ್ದು ಒಂದು ಗುಲಾಬಿ ಮಚ್ಚೆ. ಪಕ್ಕದಲ್ಲಿ, ಅದೇ ಎತ್ತರದಲ್ಲಿ, ಫೀಡಿನದ್ದು ಇನ್ನೊಂದು. ಅಕ್ಕ ಹಲಗೆಯನ್ನು ಬೆಳಕಿಗೆ ಮತ್ತೆ ಮತ್ತೆ ತಿರುಗಿಸಿ ನೋಡತೊಡಗಿದಳು. ನಾನೇ ಕಿತ್ತು ಕೆಳಗಿಟ್ಟೆ.

ಆಮೇಲೆ ತಿಳಿಯಿತು, ಯಂತ್ರ ತೊಳೆಯುವ ಜೋಳ ಅವತ್ತು ಅರ್ಧಕ್ಕೇ ಮುಗಿದಿತ್ತಂತೆ.

ಮ್ಯಾನೇಜರ್ ಥವೀಪ್ ಸಾಹೇಬರು ನಾವು ಹೇಳಿದ್ದನ್ನೆಲ್ಲ ಕೇಳಿ ಬಾಗಿಲು ಹಾಕಿಕೊಂಡರು. “ಫೀಡಿಗೆ ಬೂಷ್ಟು ಹಿಡಿದಿದೆ ಅಂತ ಹೇಳಿ ವಾಪಸ್ ತನ್ನಿ, ಬದಲಿ ಮೂಟೆ ಕೊಡ್ತೀವಿ ಅನ್ನಿ. ಔಷಧಿ ಅನ್ನೋ ಮಾತು ಹೊರಗೆ ಬಂತೋ, ಮೊದಲು ಆ ರಿಜಿಸ್ಟರ್ ಹೊರಗೆ ಬರುತ್ತೆ. ಅದರಲ್ಲಿ ಯಾರ ಸಹಿ ಇದೆ ಅಂತ ನಿಮಗೇ ಗೊತ್ತು,” ಎಂದರು. ಅಕ್ಕ ನನ್ನ ಮುಖ ನೋಡಿದಳು. ನನಗಾಗ ಇಬ್ಬರು ಮಕ್ಕಳು, ಗಂಡ ಊರು ಬಿಟ್ಟು ಹೋಗಿದ್ದ. ನಾನು ನೆಲ ನೋಡಿದೆ.

ಪಿಕಪ್ ವ್ಯಾನಿನಲ್ಲಿ ಲಾಯದಿಂದ ಲಾಯಕ್ಕೆ ಓಡಿದೆವು. ಪುಣ್ಯಕ್ಕೆ ಹೆಚ್ಚಿನವರ ಹತ್ತಿರ ಹಿಂದಿನ ವಾರದ ಫೀಡು ಇನ್ನೂ ಉಳಿದಿತ್ತು. ಮೂಟೆಯ ಹೊಲಿಗೆ ಬಿಚ್ಚದೆಯೇ ಇದ್ದುದನ್ನು ಕಂಡಾಗಲೆಲ್ಲ ಅಕ್ಕ ಒಂದು ಉಸಿರು ಬಿಡುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ಮೂವತ್ತೊಂಬತ್ತು ಮೂಟೆ ಸಿಕ್ಕವು. ಕೊನೆಯದು ನದಿಯ ದಂಡೆಯ ನೋಯ್ ಪನ್ ಮಾವನ ಹತ್ತಿರ. ಹುಡುಗನಾಗಿದ್ದಾಗ ವಿಹಾರದಲ್ಲಿ ಭಿಕ್ಷುವಿನ ಚೀವರ ತೊಟ್ಟು ಕೆಲಕಾಲ ಇದ್ದು ಬಂದವರಿಗೆ ನಮ್ಮ ಕಡೆ ನೋಯ್ ಅನ್ನುತ್ತಾರೆ. ಎಪ್ಪತ್ತು ದಾಟಿದ ಮನುಷ್ಯ, ಹೆಂಡತಿಯಿಲ್ಲ, ದಾವ್ ಎಂಬ ಒಂದು ಕಂದು ಹೆಣ್ಣು ಕುದುರೆಯೇ ಸಂಸಾರ.

“ಏನ್ರವ್ವ, ಲ್ಯಾಬಿನ ದೊಡ್ಡವರು ಲಾಯಕ್ಕೇ ಬಂದುಬಿಟ್ರಿ! ನನಗೇನಾದ್ರೂ ಹೆಣ್ಣು ನೋಡಿದೀರಾ?”

“ಮಾವ, ನಿನ್ನೆ ತಂದ ಮೂಟೆ ಬಿಚ್ಚಿದೀಯಾ?” ಎಂದು ಅಕ್ಕ ಕೇಳಿದಳು.

“ನಿನ್ನೆ ಸಂಜೇನೇ ಬಿಚ್ಚಿದೆ. ಇವತ್ತು ಬೆಳಗ್ಗೇನೂ ಹಾಕ್ದೆ. ಯಾಕೆ?”

“ಬೂಷ್ಟು ಹಿಡಿದಿದೆ ಮಾವ,” ಎಂದೆ ನಾನು. ಅಕ್ಕನ ಬಾಯಿಗೆ ಆ ಸುಳ್ಳು ಬರಲಿಲ್ಲ, ನನ್ನ ಬಾಯಿಗೆ ಸಲೀಸಾಗಿ ಬಂತು.

ಮುದುಕ ಒಂದು ಹಿಡಿ ಎತ್ತಿ ಮೂಸಿದ. “ಎಲ್ಲಿ ಬೂಷ್ಟು? ಘಮ್ಮಂತೈತಲ್ಲ,” ಎಂದ. ಆದರೂ ಮೂಟೆ ಕೊಟ್ಟ.

ಶುಕ್ರವಾರ ದಾವ್ ಫೀಡು ಮುಟ್ಟಲಿಲ್ಲ. ನಿಂತಲ್ಲೇ ಬೆವರಿ, ಹಿಂಗಾಲು ತಡವರಿಸಿತು. ಅಕ್ಕ ಕೆಲಸ ಬಿಟ್ಟು ದಿನವಿಡೀ ಲಾಯದಲ್ಲಿ ಅದರ ಪಕ್ಕೆಗೆ ಕಿವಿಯಿಟ್ಟು ಕೂತಳು. ಬೇರೆ ಜಿಲ್ಲೆಯ ಒಬ್ಬ ಪಶುವೈದ್ಯರಿಗೆ ಅಂಗಡಿಯ ಫೋನಿನಿಂದ ಹೆಸರು ಹೇಳದೆ ಕೇಳಿದಳು. ಅವರು ಹೇಳಿದ್ದನ್ನು ಬಂದು ನನಗೆ ಒಪ್ಪಿಸಿದಳು. ಇದಕ್ಕೆ ಮದ್ದಿಲ್ಲ. ಬದುಕಿದರೂ ಸತ್ತ ಮಾಂಸ ಮತ್ತೆ ಬೆಳೆಯುವುದಿಲ್ಲ. ಮೇಲಿಂದ ನೋಡಿದರೆ ಆರೋಗ್ಯವಾಗಿಯೇ ಇರುತ್ತದೆ. ಒಂದು ದಿನ ಭಾರ ಎಳೆಯುವಾಗ ನಿಂತ ಹೆಜ್ಜೆಯಲ್ಲೇ ಬೀಳುತ್ತದೆ.

ನಾಲ್ಕನೇ ದಿನ ದಾವ್ ಹುಲ್ಲು ತಿಂದಿತು. ಮುದುಕ ಕುಣಿದಾಡಿದ. ನಮಗೆ ನಿಜವಾದ ಹೆದರಿಕೆ ಶುರುವಾದದ್ದು ಅಲ್ಲಿಂದ.

“ಮಾವ, ಇನ್ನೊಂದು ತಿಂಗಳು ಗಾಡಿಗೆ ಕಟ್ಟಬೇಡ,” ಎಂದು ಅಕ್ಕ ದಿನಾ ಹೋಗಿ ಗೋಗರೆದಳು.

“ಯಾಕವ್ವ? ತಿಂತೈತೆ, ಲದ್ದಿ ಹಾಕ್ತೈತೆ, ನಿನ್ನೆ ನನ್ನ ಟೋಪೀನೇ ಕಚ್ಚಿ ಎಸೀತು. ಬೂಷ್ಟು ತಿಂದ ಕುದುರೆಗೆ ತಿಂಗಳುಗಟ್ಟಲೆ ಬಾಣಂತನ ಯಾರು ಮಾಡ್ತಾರೆ?”

 ಕಾರಣ ಹೇಳದೆ ಕುದುರೆಯನ್ನು ನಿಲ್ಲಿಸುವುದು ಹೇಗೆ? ಕಾರಣ ಹೇಳಿದರೆ ರಿಜಿಸ್ಟರ್, ನನ್ನ ಸಹಿ, ನನ್ನ ಮಕ್ಕಳು. ಲ್ಯಾಬಿನಲ್ಲಿ ಕೂತಿದ್ದಾಗ ರಸ್ತೆಯಲ್ಲಿ ಗೊರಸಿನ ಸದ್ದು ಕೇಳಿದರೆ ಇಬ್ಬರೂ ಕೈಯಲ್ಲಿದ್ದುದನ್ನು ಹಿಡಿದು ಹಾಗೇ ನಿಲ್ಲುತ್ತಿದ್ದೆವು. ಸದ್ದು ಮುಂದೆ ಸಾಗಿದ ಮೇಲೆಯೇ ಉಸಿರು. ನನಗೆ ಊಟ ಸೇರುತ್ತಿರಲಿಲ್ಲ. ಗಾಡಿ ಹತ್ತಿದ ಶಾಲೆಯ ಮಕ್ಕಳನ್ನು ಕಂಡರೆ, ಕುದುರೆ ದಾವ್ ಅಲ್ಲವೆಂದು ಖಾತ್ರಿಯಾಗುವವರೆಗೆ ಹಿಂದೆಯೇ ನಡೆಯುತ್ತಿದ್ದೆ. ಅಕ್ಕ ಹದಿನೈದು ದಿನದಲ್ಲಿ ಸೊರಗಿ ಕಡ್ಡಿಯಾದಳು. ನಡುವೆ ಬಂದ ಶೀಲದ ದಿನಗಳಲ್ಲಿ ವಿಹಾರಕ್ಕೂ ಹೋಗಲಿಲ್ಲ. “ಯಾವ ಮುಖ ಹೊತ್ಕೊಂಡು ಹೋಗ್ಲಿ?” ಎಂದಳು, ಅಷ್ಟೇ.

ಮೂರನೇ ವಾರದ ಭಾನುವಾರ ನಾವಿಬ್ಬರೂ ಸಂತೆಗೆ ಹೊರಟಿದ್ದೆವು. ಗಡಿಯಾರ ಗೋಪುರದ ಹತ್ತಿರ ಗಾಡಿಗಳ ಸಾಲಿನಲ್ಲಿ ನೋಯ್ ಪನ್ ಮಾವನ ಗಾಡಿ ನಿಂತಿತ್ತು. ದಾವ್‌ನ ಕಿವಿಯ ಮೇಲೆ ಹೂವಿತ್ತು. ಒಂದು ಮದುವೆ ಮನೆಯವರು ಹತ್ತುತ್ತಿದ್ದರು. ಅಜ್ಜಿ, ಬಸುರಿ ಸೊಸೆ, ಮೂರು ಮಕ್ಕಳು. ಸೇತುವೆಯ ಏರು ಹತ್ತಿ ಆಚೆ ದಡಕ್ಕೆ ಹೋಗಬೇಕಿತ್ತು.

ಅಕ್ಕ ನನ್ನ ಕೈ ಬಿಟ್ಟು ಓಡಿದಳು. ಹೋಗಿ ಕುದುರೆಯ ಲಗಾಮನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

“ಎಲ್ಲರೂ ಇಳೀರಿ. ಮಾವ, ಬಿಚ್ಚು ಇದನ್ನ.”

“ಏನೇ ಇದು ರಂಪ? ಬೆಳಗ್ಗೆ ಬೆಳಗ್ಗೆ ಕುಡ್ದಿದೀಯಾ?” ಎಂದು ಪಕ್ಕದ ಗಾಡಿಯವನು ನಕ್ಕ.

“ಫೀಡಿಗೆ ಬೂಷ್ಟು ಹಿಡಿದಿರಲಿಲ್ಲ ಮಾವ. ಕೋಳಿ ಔಷಧಿ ಬೆರೆತಿತ್ತು. ನಿನ್ನ ದಾವ್‌ನ ಎದೆ ಸತ್ತಿದೆ. ಮೇಲೆ ಕಾಣಲ್ಲ. ಏರಿನಲ್ಲಿ ಬಿದ್ದುಬಿಡುತ್ತೆ. ಪರೀಕ್ಷೆ ಮಾಡ್ಬೇಕಾದೋಳು ನಾನು. ಸರಿಯಾಗಿ ಮಾಡ್ಲಿಲ್ಲ. ಶೀಲದ ದಿನ ಅಂತ ಸಾಕ್ಷಿ ಇಡ್ಲಿಲ್ಲ. ಇಟ್ಟೆ ಅಂತ ಸುಳ್ಳು ಬರೆದೆ.” ಒಂದೇ ಉಸಿರಿಗೆ ಹೇಳಿದಳು. ನನ್ನ ಹೆಸರು ಎತ್ತಲಿಲ್ಲ. ನಾನು ಹತ್ತು ಹೆಜ್ಜೆ ಹಿಂದೆ, ಸಂತೆಯ ಚೀಲ ಹಿಡಿದು, ಯಾರೋ ದಾರಿಹೋಕಳಂತೆ ನಿಂತಿದ್ದೆ.

ಮದುವೆಯವರು ದಡಬಡ ಇಳಿದರು. ಗಾಡಿಯವರೆಲ್ಲ ಸುತ್ತುಗಟ್ಟಿ ಬೈಯತೊಡಗಿದರು. ಒಬ್ಬ ಚಾವಟಿ ಎತ್ತಿದ, ಇನ್ನೊಬ್ಬ ಹಿಡಿದುಕೊಂಡ. ನೋಯ್ ಪನ್ ಮಾವ ಮಾತ್ರ ನಿಧಾನಕ್ಕೆ ಇಳಿದು ಪಟ್ಟಿ ಸಡಿಲಿಸಿದ, ನೊಗ ಎತ್ತಿದ, ದಾವ್‌ನ ಎದೆಯ ಮೇಲೆ ಅಂಗೈ ಇಟ್ಟು ಬಡಿತ ಎಣಿಸಿದ. 

ಆಮೇಲೆ ಕೇಳಿದ, “ಎಷ್ಟು ಸಲ ಹಿಂಗೆ ಮಾಡಿದೀಯವ್ವ?”

ಅಕ್ಕನಿಗೆ ಪ್ರಶ್ನೆ ಅರ್ಥವಾಗಲಿಲ್ಲ. ನನಗೆ ಆಯಿತು. 

“ಸಾಕ್ಷಿ ಇಡದೆ ಎಷ್ಟು ಸಲ ನಮಗೆ ಫೀಡು ಕಳ್ಸಿದೀಯ? ಹೋದ ವರ್ಷ ಬೇಸಗೇಲಿ ನನ್ನ ಕರಿ ಕುದುರೆ ಸತ್ತೋಯ್ತಲ್ಲ. ಬಿಸಿಲಿಗೆ ಬಿತ್ತು ಅಂದ್ರು ಎಲ್ರೂ. ಅದರ ಹಿಂದಿನ ವಾರ ಈ ಪಕ್ಕದ ಗಾಡಿಯವನ ಕುದುರೇನೂ ಬಿತ್ತು. ಅವು ಯಾವ ದಿನದ ಫೀಡು ತಿಂದಿದ್ವು?”

“ಗೊತ್ತಿಲ್ಲ ಮಾವ,” ಎಂದಳು ಅಕ್ಕ.  “ನೋಡಿ ಹೇಳ್ತೀನಿ.”

ಭಾನುವಾರ ಕಾರ್ಖಾನೆಗೆ ರಜೆ. ಕಾವಲುಗಾರನಿಗೆ ಏನೋ ಸಬೂಬು ಹೇಳಿ ನಾನೇ ಲ್ಯಾಬಿನ ಬೀಗ ತೆಗೆದೆ. ಎರಡು ವರ್ಷದ ರಿಜಿಸ್ಟರುಗಳನ್ನೂ, ತಿಥಿ ಇರುವ ಹಳೆಯ ಕ್ಯಾಲೆಂಡರುಗಳನ್ನೂ ಮೇಜಿನ ಮೇಲೆ ಹರಡಿ ಮಂಗಳವಾರಗಳನ್ನು ಹುಡುಕಿದೆವು. ಶೀಲದ ದಿನ ಬಿದ್ದ ಮಂಗಳವಾರಗಳು ಹದಿನಾಲ್ಕು. ಹದಿನಾಲ್ಕರಲ್ಲೂ ಸಾಕ್ಷಿಯ ಬಳೆ ಹಿಂದಿನ ದಿನದ್ದೇ, ಹದಿನಾಲ್ಕರ ಕೆಳಗೂ ನನ್ನ ಸಹಿ. ಮಾದರಿಗಳನ್ನು ಮೂರು ತಿಂಗಳಾದ ಮೇಲೆ ಎಸೆದುಬಿಡುತ್ತಿದ್ದೆವು, ಹಾಗಾಗಿ ಬೀಸಿ ನೋಡಲು ಒಂದು ಚಿಟಿಕೆಯೂ ಉಳಿದಿರಲಿಲ್ಲ. ಹೋದ ಬೇಸಗೆಯ ಪುಟವನ್ನು ನಾನೇ ಮೊದಲು ಕಂಡೆ. ಎರಡು ಕುದುರೆ ಸತ್ತ ವಾರಗಳಿಗೆ ಸರಿಯಾಗಿ ಮುಂಚಿನ ಮಂಗಳವಾರ. ಹುಣ್ಣಿಮೆ.

ಪುಟ ಮಗುಚಿಬಿಡಬೇಕೆಂದು ಕೈ ಚಡಪಡಿಸಿತು. ಅಕ್ಕ ಪುಟ ನೋಡಲಿಲ್ಲ, ನನ್ನ ಮುಖ ನೋಡಿದಳು. ಅಷ್ಟರಲ್ಲೇ ಅವಳಿಗೆ ತಿಳಿಯಿತು.

“ಹೇಳಲೇಬೇಕಾ ಅಕ್ಕ? ಅದು ಬಿಸಿಲಿಗೇ ಸತ್ತಿರಬಹುದಲ್ಲ? ಅವತ್ತಿನ ತಟ್ಟೆ ಸರಿಯಾಗೇ ಇತ್ತೋ ಏನೋ.”

“ಇದ್ದಿರಬಹುದು. ನೀನು ಬರಬೇಡ, ಮನೆಗೆ ಹೋಗು.”

ಹೋದೆ, ಅವಳ ಹಿಂದೆಯೇ ಹೋದೆ. ಅಷ್ಟು ಮಾತ್ರ ನನ್ನಿಂದ ಆಯಿತು. ನೋಯ್ ಪನ್ ಮಾವ ಲಾಯದಲ್ಲಿ ದಾವ್‌ಗೆ ಹುಲ್ಲು ಹಾಕುತ್ತಿದ್ದ. ಅಕ್ಕ ನೆಲಕ್ಕೆ ಕೂತು, ಕೈ ಮುಗಿದು, ಹುಣ್ಣಿಮೆಯ ಆ ಪುಟದಲ್ಲಿ ಬರೆದಿದ್ದನ್ನು ಹೇಳಿದಳು. ಎರಡನೇ ಸಹಿ ನನ್ನದು ಎಂದು ನಾನೂ ಹೇಳಿದೆ. ಅವನು ಹುಲ್ಲಿನ ಕಂತೆ ಕೆಳಗಿಟ್ಟ.

“ಹಂಗಾದ್ರೆ ನನ್ನ ಕರಿಯ ಸತ್ತಿದ್ದು ಆ ಫೀಡಿಂದಾನೇ?”

“ಗೊತ್ತಿಲ್ಲ ಮಾವ. ಇನ್ನು ಯಾವತ್ತೂ ಗೊತ್ತಾಗಲ್ಲ.”

ಮುದುಕ ದಾವ್‌ನ ಕುತ್ತಿಗೆ ಸವರಿದ. ಆಮೇಲೆ, ಸಿಟ್ಟಿಲ್ಲದೆ, ನಿಜಕ್ಕೂ ತಿಳಿಯದೆ ಕೇಳುವವನಂತೆ ಕೇಳಿದ:

“ಅವತ್ತೂ ಗೊತ್ತಿರಲಿಲ್ಲ ತಾನೇ? ಗೊತ್ತಿಲ್ಲ ಅಂತಲೇ ಬರೆದಿದ್ರೆ ಆಗ್ತಿತ್ತಲ್ಲವ್ವ. ನಾನು ಒಂದು ದಿನ ಬರೀ ಹುಲ್ಲು ಹಾಕ್ತಿದ್ದೆ.”